ಹರಾಜಿನಲ್ಲಿ ಸವಾಲು ಗೆದ್ದವರು ಹಿಂದೆ ಸರಿದರೆ: ಕಾಯುವುದೇ, ಎರಡನೆಯವರಿಗೆ ಕೊಡುವುದೇ, ಮತ್ತೆ ಹರಾಜು ಹಾಕುವುದೇ?

ಕಳೆದ ಎರಡು ತಿಂಗಳಲ್ಲಿ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ. ಬೆಟಗೇರಿಯ ಒಬ್ಬ ಅಕ್ಕ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಸೂತಿ ಸೀರೆಗಳನ್ನು ಹರಾಜು ಹಾಕುತ್ತಾರೆ. ಸವಾಲು ಗೆದ್ದವರು ಫಾಲ್ ಹಚ್ಚಿಸಿ, ಸೆರಗಿಗೆ ಕುಚ್ಚು ಕಟ್ಟಿಸಿ ಕಳಿಸಲು ಹೇಳಿದರು. ಕೆಲಸ ಮುಗಿದ ಮೇಲೆ ಫೋನ್ ಎತ್ತುತ್ತಿಲ್ಲ. ಹಾವೇರಿಯ ಅಂಚೆಚೀಟಿ ಸಂಗ್ರಾಹಕರೊಬ್ಬರು ಇಬೇಯಲ್ಲಿ ಹಾಕಿದ ಆಲ್ಬಮ್ಮನ್ನು ಹೊರದೇಶದವರು ಗೆದ್ದು ಆರು ದಿನ ಕಳೆದರೂ ಹಣ ಕಟ್ಟಿಲ್ಲ. ಹುಬ್ಬಳ್ಳಿಯ ವಿದ್ಯಾನಗರದ ಯುವಕನೊಬ್ಬ ತಂದೆಯ ಹಳೆಯ ಕ್ಯಾಮೆರಾವನ್ನು ಫೇಸ್‌ಬುಕ್ ಗುಂಪಿನಲ್ಲಿ ಹರಾಜು ಹಾಕಿದ. ಗೆದ್ದವನು "ಮುಂದಿನ ತಿಂಗಳ ಪಗಾರ ಬಂದ ಕೂಡಲೇ ಕೊಡುತ್ತೇನೆ" ಎನ್ನುತ್ತಿದ್ದಾನೆ. ನಂಬಬೇಕೋ ಬಿಡಬೇಕೋ ತಿಳಿಯುತ್ತಿಲ್ಲ.

ಕಾಯಬೇಕೇ, ಎರಡನೆಯ ಸವಾಲಿನವರನ್ನು ಕೇಳಬೇಕೇ, ಮತ್ತೆ ಹರಾಜು ಹಾಕಬೇಕೇ, ವಕೀಲರ ಬಳಿ ಹೋಗಬೇಕೇ? ಮೂವರಿಗೂ ಹೊಂದುವ ಒಂದೇ ಉತ್ತರ ನನ್ನ ಬಳಿ ಇಲ್ಲ. ಆದರೆ ಯಾವುದನ್ನು ಯಾವಾಗ ಆರಿಸಬೇಕು ಎಂಬ ಲೆಕ್ಕ ಇದೆ. ಅದನ್ನು ನಾನು ದುಡ್ಡು ಕಳೆದುಕೊಂಡು ಕಲಿತಿದ್ದೇನೆ.

ನಾನು ಹುಬ್ಬಳ್ಳಿಯಲ್ಲಿ ಹಳೆಯ ರೇಡಿಯೊ, ಗಡಿಯಾರಗಳನ್ನು ಕೊಂಡು, ದುರಸ್ತಿ ಮಾಡಿ, ಆನ್‌ಲೈನ್ ಹರಾಜಿನಲ್ಲಿ ಮಾರುತ್ತೇನೆ. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿ 8ರಂದು. ಅದನ್ನು ಕೇಳಲೆಂದು ಕೊಂಡ ವಾಲ್ವ್ ರೇಡಿಯೊಗಳು ನಮ್ಮ ಸೀಮೆಯ ಅಟ್ಟಗಳಲ್ಲಿ ಇಂದಿಗೂ ಸಿಗುತ್ತವೆ. ಅಂಥ ಒಂದು ರೇಡಿಯೊ 9,400 ರೂಪಾಯಿಗೆ ಹೋಯಿತು. ಗೆದ್ದವರು ದೂರದ ಊರಿನವರು. ಮರುದಿನ ಬೆಳಿಗ್ಗೆಯೇ ನಾನು ಕಟ್ಟಲು ಕುಳಿತೆ. ಐದು ವಾಲ್ವ್‌ಗಳನ್ನು ಒಂದೊಂದಾಗಿ ಬಿಚ್ಚಿ, ಹತ್ತಿಯಲ್ಲಿ ಸುತ್ತಿ, ಯಾವುದು ಎಲ್ಲಿ ಕೂರಬೇಕು ಎಂದು ಚೀಟಿ ಬರೆದು ಅಂಟಿಸಿದೆ. ಪೆಟ್ಟಿಗೆಯೊಳಗೊಂದು ಪೆಟ್ಟಿಗೆ, ನಡುವೆ ಥರ್ಮೋಕೋಲ್. ಅರ್ಧ ದಿನ ಹೋಯಿತು, ಸಾಮಾನಿಗೆ 420 ರೂಪಾಯಿ ಹೋಯಿತು. ರಾತ್ರಿ ಹತ್ತಕ್ಕೆ ಒಂದು ಸಾಲಿನ ಸಂದೇಶ ಬಂತು: "ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ ಸರ್, ಕ್ಷಮಿಸಿ." ಸಿಟ್ಟಿನಲ್ಲಿ ನಾಲ್ಕು ಸಂದೇಶ ಕಳಿಸಿದೆ. ಒಂದಕ್ಕೂ ಉತ್ತರ ಬರಲಿಲ್ಲ.

ನಮ್ಮ ಕಡೆಯವರಿಗೆ ಹರಾಜು ಹೊಸದಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬೆಲೆ ಬರೆಯುವವರು ಪರವಾನಗಿ ಪಡೆದ ವರ್ತಕರು. ಅವರ ಅಂಗಡಿ ಎಲ್ಲಿದೆ, ಹೋದ ಹಂಗಾಮಿನಲ್ಲಿ ಯಾರ ಲೆಕ್ಕ ಉಳಿಸಿಕೊಂಡರು ಎಂಬುದು ದಲ್ಲಾಳಿ ಅಂಗಡಿಯ ಗುಮಾಸ್ತನಿಗೂ ಗೊತ್ತು. ಬರೆದ ಬೆಲೆಯಿಂದ ಹಿಂದೆ ಸರಿದವನು ನಾಳೆ ಅದೇ ಅಂಗಳಕ್ಕೆ ಬರಬೇಕು. ಮೊಬೈಲಿನ ಹರಾಜಿನಲ್ಲಿ ಆ ಕಟ್ಟು ಇಲ್ಲ. ಹೆಸರು ನಿಜವೋ ಸುಳ್ಳೋ ತಿಳಿಯದು. ಗುಂಪು ಬಿಟ್ಟು ಹೋದರೆ ಮುಗಿಯಿತು. ಆ ಕಟ್ಟನ್ನು ಮಾರುವವರೇ ಮೊದಲಿಗೆ ಕಟ್ಟಿಕೊಳ್ಳಬೇಕು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ, ಏಕೆಂದರೆ ಈಗ ನೀವು ಸಿಕ್ಕಿಬಿದ್ದಿರುವುದು ಸವಾಲು ಮುಗಿದ ಮೇಲಿನ ಬಿಕ್ಕಟ್ಟಿನಲ್ಲಿ.

ಮೊದಲು ಏನನ್ನು ಅಳೆಯಬೇಕು

ಎಲ್ಲಕ್ಕಿಂತ ಮೊದಲು ವಸ್ತು ಯಾರ ಕೈಯಲ್ಲಿದೆ ಎಂಬುದನ್ನು ನೋಡಿ. ನಿಮ್ಮ ಕೈಯಲ್ಲಿದ್ದರೆ ಅರ್ಧ ಚಿಂತೆ ಕಳೆಯಿತು. ಹಣ ಪೂರ್ತಿ ಸಂದಾಯವಾಗದ ಮಾರಾಟಗಾರ ವಸ್ತುವನ್ನು ತನ್ನಲ್ಲೇ ಇಟ್ಟುಕೊಳ್ಳಬಹುದು ಎಂದು 1930ರ ಸರಕು ಮಾರಾಟ ಕಾಯ್ದೆ ಹೇಳುತ್ತದೆ. ಜೊತೆಗೆ, ವಸ್ತು ಮೊದಲಿನ ಸ್ಥಿತಿಯಲ್ಲೇ ಇದೆಯೇ? ಬೆಟಗೇರಿಯ ಅಕ್ಕನ ತೊಡಕು ಇರುವುದು ಇಲ್ಲಿ. ಫಾಲ್ ಹಚ್ಚಿ ಕುಚ್ಚು ಕಟ್ಟಿದ ಸೀರೆ ಒಬ್ಬರ ಇಷ್ಟಕ್ಕೆ ತಕ್ಕಂತೆ ಬದಲಾದ ಸೀರೆ. ಕುಚ್ಚಿನ ಬಣ್ಣ ಇನ್ನೊಬ್ಬರಿಗೆ ಹಿಡಿಸಲಿಕ್ಕಿಲ್ಲ.

ಎರಡನೆಯದು ಕಾರಣ. ಇದನ್ನು ಕೇಳುವಾಗ ಮನಸ್ಸು ತಣ್ಣಗಿರಲಿ, ಏಕೆಂದರೆ ತಪ್ಪು ನಮ್ಮದೂ ಆಗಿರಬಹುದು. ಫೋಟೊದಲ್ಲಿ ಕಾಣದ ಬಿರುಕು, ಬರೆಯದೇ ಬಿಟ್ಟ ದೋಷ, ಹೇಳಿದ್ದಕ್ಕಿಂತ ಹೆಚ್ಚಾದ ಸಾಗಣೆ ವೆಚ್ಚ ಇವೆಲ್ಲ ಸರಿಯಾದ ಕಾರಣಗಳು. ಇನ್ನೂ ದೊಡ್ಡದೊಂದಿದೆ. ಬೆಲೆ ಏರಲಿ ಎಂದು ನಿಮ್ಮ ಭಾವನಿಂದಲೋ ಗೆಳೆಯನಿಂದಲೋ ಸುಳ್ಳು ಸವಾಲು ಕೂಗಿಸಿದ್ದರೆ, ಅದೇ ಕಾಯ್ದೆಯ 64ನೇ ಕಲಮಿನ ಪ್ರಕಾರ ಖರೀದಿದಾರ ವ್ಯವಹಾರವನ್ನೇ ರದ್ದು ಮಾಡಬಹುದು. ಗುಂಪುಗಳಲ್ಲಿ ಇದನ್ನು ಸಣ್ಣ ಚಾಲಾಕಿ ಎಂದು ತಿಳಿದವರಿದ್ದಾರೆ. ಚಾಲಾಕಿ ಅಲ್ಲ, ಮೋಸ. ಇನ್ನು ಗೆದ್ದವನು 18 ತುಂಬದ ಹುಡುಗನಾಗಿದ್ದರೆ ಅವನೊಂದಿಗೆ ಮಾಡಿಕೊಂಡ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ. ನಾಣ್ಯ, ಅಂಚೆಚೀಟಿ, ಗೇಮ್ ಸಾಮಾನು ಮಾರುವವರು ಇದನ್ನು ನೆನಪಿಡಬೇಕು. ಅಂಥ ಹುಡುಗನನ್ನು ಗದರಿಸದೆ ಬಿಟ್ಟುಬಿಡಿ.

ಮೂರನೆಯದು ನಿಜವಾದ ನಷ್ಟ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ನನ್ನ ರೇಡಿಯೊ ವಿಷಯದಲ್ಲಿ "9,400 ಹೋಯಿತು" ಎಂದು ನಾನು ರಾತ್ರಿಯಿಡೀ ಕೊರಗಿದೆ. ಆದರೆ ರೇಡಿಯೊ ಮೇಜಿನ ಮೇಲೆಯೇ ಇತ್ತು. ಮುಂದೆ ಅದು 7,500ಕ್ಕೆ ಮಾರಾಟವಾಯಿತು. ಅಂದರೆ ನಷ್ಟ 1,900, ಅದರ ಜೊತೆಗೆ ಪೆಟ್ಟಿಗೆಯ 420. ಈ 2,320 ರೂಪಾಯಿಯ ಹಿಂದೆ ಎಷ್ಟು ದಿನ, ಎಷ್ಟು ಸಿಟ್ಟು, ಎಷ್ಟು ವಕೀಲರ ಶುಲ್ಕ ಹಾಕಬಹುದು ಎಂದು ಕೇಳಿಕೊಂಡರೆ ಎಷ್ಟೋ ದಾರಿಗಳು ತಾವಾಗಿಯೇ ಮುಚ್ಚುತ್ತವೆ. ಕಾನೂನಿನ ಲೆಕ್ಕವೂ ಬಹುಮಟ್ಟಿಗೆ ಇದೇ: ಒಪ್ಪಿದ ಬೆಲೆಗೂ ವಸ್ತುವಿಗೆ ಈಗ ಸಿಗುವ ಬೆಲೆಗೂ ಇರುವ ಅಂತರ, ಜೊತೆಗೆ ನ್ಯಾಯವಾದ ಖರ್ಚು.

ಕಾಲವನ್ನೂ ನೋಡಬೇಕು. ಕ್ಯಾಮೆರಾ, ಗಡಿಯಾರಕ್ಕೆ ಹಂಗಾಮು ಇಲ್ಲ. ಸೀರೆಗೆ ಇದೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಹೊತ್ತಿಗೆ ಹೋಗಬೇಕಾದ ಸೀರೆ ಆ ವಾರ ದಾಟಿದರೆ ದೀಪಾವಳಿಯವರೆಗೆ ಕಪಾಟಿನಲ್ಲಿ ಕೂರುತ್ತದೆ. ಕೊನೆಯದು, ಬರಹದಲ್ಲಿ ಏನೇನು ಉಳಿದಿದೆ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಯಿತು ಎಂದೇ ತಿಳಿಯಿರಿ.

ಕಾಯುವುದು, ವಾಯಿದೆ ಕೊಡುವುದು

ಎಲ್ಲಕ್ಕಿಂತ ಸುಲಭವಾಗಿ ಕಾಣುವ ದಾರಿ ಇದು. ಒಂದು ದೊಡ್ಡ ಗುಣ ಇದಕ್ಕಿದೆ: ಪೂರ್ತಿ ಬೆಲೆ ಕೈಗೆ ಬರುವ ಅವಕಾಶ ಇಲ್ಲಿ ಮಾತ್ರ ಉಳಿದಿರುತ್ತದೆ. ಆಸ್ಪತ್ರೆ, ಸಾವು, ಪಗಾರ ತಡವಾದದ್ದು ಎಲ್ಲರ ಮನೆಗೂ ಬರುವ ಕಷ್ಟಗಳೇ. ಕೇಳಿದವರಿಗೆ ಒಂದು ಸಲ ವಾಯಿದೆ ಕೊಡುವುದು ಮನುಷ್ಯತ್ವ. ವ್ಯಾಪಾರಕ್ಕೂ ಅದು ಒಳ್ಳೆಯದೇ.

ಆದರೆ ಕಾಯುವುದರ ಬೆಲೆ ಕಣ್ಣಿಗೆ ಕಾಣುವುದಿಲ್ಲ. ನೀವು ಮೊದಲನೆಯವನಿಗಾಗಿ ಕಾಯುತ್ತಿರುವಾಗ ಎರಡನೆಯವನ ಆಸೆ ಆರುತ್ತಿರುತ್ತದೆ. ಸೋತ ಮರುದಿನ ಅವನಿಗೆ ಆ ವಸ್ತು ಬೇಕೇ ಬೇಕು. ಹತ್ತು ದಿನದ ಮೇಲೆ ಬೇರೊಂದು ಸಿಕ್ಕಿರುತ್ತದೆ, ಅಥವಾ ಆ ಹಣ ಬೇರೆ ಕಡೆ ಹೋಗಿರುತ್ತದೆ. ಹಾಗಾಗಿ ವಾಯಿದೆ ಕೊಟ್ಟರೆ ಅದಕ್ಕೆ ತಾರೀಖು ಇರಲಿ, ಗಂಟೆ ಇರಲಿ, ಮತ್ತು ಒಂದಿಷ್ಟು ಹಣ ಈಗಲೇ ಬರಲಿ. ಹಣ ಕೇಳುವುದರಿಂದ ಇನ್ನೊಂದು ಅನುಕೂಲವಿದೆ: ನಿಜವಾಗಿ ಕೊಳ್ಳುವವನು ಐನೂರಾದರೂ ಹಾಕುತ್ತಾನೆ. ಜಾರಿಕೊಳ್ಳುವವನು ಅದೇ ಕ್ಷಣ ಬೇರೆ ಕತೆ ತೆಗೆಯುತ್ತಾನೆ.

ವಿದ್ಯಾನಗರದ ಯುವಕನಿಗೆ ನಾನು ಹೇಳಿದ್ದು ಇದನ್ನೇ. ಕ್ಯಾಮೆರಾ ಅವನ ಮನೆಯಲ್ಲಿದೆ, ಹಂಗಾಮಿನ ಒತ್ತಡವಿಲ್ಲ, ಎರಡನೆಯ ಸವಾಲು ಬಹಳ ಕೆಳಗಿದೆ. ಬೆಲೆಯ ಕಾಲುಭಾಗ ಮೂರು ದಿನದಲ್ಲಿ ಬಂದರೆ ಒಂದು ತಿಂಗಳು ಕಾಯಬಹುದು. ಬಾರದಿದ್ದರೆ ನಾಲ್ಕನೆಯ ದಿನ ಬೇರೆ ದಾರಿ. ಕಾಯುತ್ತಿರುವಾಗ ಮಾತ್ರ ಕ್ಯಾಮೆರಾವನ್ನು ಕಳಿಸಬಾರದು. "ಅರ್ಧ ಕೊಟ್ಟಿದ್ದಾರೆ, ಪಾಪ, ಕಳಿಸೋಣ" ಎನಿಸುತ್ತದೆ. ಗುರುತಿಲ್ಲದವರಿಗೆ ಉದ್ರಿ ಕೊಡಬೇಡಿ.

ಒಪ್ಪಿ ಬಿಟ್ಟುಕೊಡುವುದು

ಮೊತ್ತ ಸಾವಿರ ರೂಪಾಯಿಯ ಒಳಗಿದ್ದರೆ, ವಸ್ತು ಬದಲಾಗದಿದ್ದರೆ, ಖರೀದಿದಾರ ತಾನಾಗಿಯೇ ಬೇಗ ಹೇಳಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೇಗ ಹೇಳಿದವರಿಗೆ ನಾನು ಧನ್ಯವಾದ ಹೇಳುತ್ತೇನೆ, ಮನಃಪೂರ್ವಕವಾಗಿಯೇ. ಸುಮ್ಮನಾಗಿ ಎರಡು ವಾರ ಕಾಯಿಸುವವರಿಗಿಂತ ಅವರು ಎಷ್ಟೋ ಮೇಲು. ಇಲ್ಲಿ ಒಂದು ಎಚ್ಚರಿಕೆ: ಬಿಟ್ಟುಕೊಟ್ಟದ್ದನ್ನು ಬರಹದಲ್ಲಿ ಮುಗಿಸಿ. ಇಲ್ಲದಿದ್ದರೆ ನೀವು ಇನ್ನೊಬ್ಬರಿಗೆ ಮಾರಿದ ಸಂಜೆಯೇ ಮೊದಲನೆಯವರ ಹಣ ಖಾತೆಗೆ ಬಂದು ಬೀಳಬಹುದು. ಆಗ ಒಂದೇ ವಸ್ತುವನ್ನು ಇಬ್ಬರಿಗೆ ಮಾರಿದ ಅಪವಾದ ನಿಮ್ಮ ತಲೆಗೆ.

ಎರಡನೆಯ ಸವಾಲಿನವರು

ನನ್ನ ಅನುಭವದಲ್ಲಿ ಹೆಚ್ಚು ಸಲ ಗೆಲ್ಲುವ ದಾರಿ ಇದು, ಆದರೆ ಹೆಚ್ಚು ಜನ ಕೆಡಿಸಿಕೊಳ್ಳುವುದೂ ಇದನ್ನೇ. ಕೆಡುವುದು ಬೆಲೆಯಲ್ಲಿ.

ನನ್ನ ರೇಡಿಯೊದ ಸವಾಲನ್ನೇ ಬಿಡಿಸಿ ನೋಡೋಣ. ಏರಿಕೆ 200 ರೂಪಾಯಿಯದು. ಮೂವರಿದ್ದರು. ಒಬ್ಬರು 5,000ಕ್ಕೆ ನಿಂತರು. ಅಲ್ಲಿಂದ ಮುಂದೆ ಇಬ್ಬರೇ ಒಬ್ಬರನ್ನೊಬ್ಬರು ಏರಿಸುತ್ತ ಹೋದರು. ಎರಡನೆಯವರು 9,200ಕ್ಕೆ ನಿಂತರು, ಗೆದ್ದವರು 9,400 ಅಂದರು, ಕೊನೆಗೆ ಸರಿದರು. ಈಗ ಎರಡನೆಯವರಿಗೆ ಯಾವ ಬೆಲೆ ಹೇಳಬೇಕು? "ನೀವೇ 9,200 ಅಂದಿದ್ದಿರಲ್ಲ" ಎನ್ನುವುದು ಒಂದು ವಾದ. ಅವರು ಬಾಯಿಬಿಟ್ಟು ಹೇಳಿದ ಬೆಲೆಯೇ ಅದು, ನಿಜ. ಆದರೆ ಅವರ ಕಡೆಯಿಂದ ನೋಡಿ: ಹಣ ಕೊಡುವ ಮನಸ್ಸಿಲ್ಲದೆ ಗೆದ್ದ ಆ ಮೊದಲನೆಯವನು ಇಲ್ಲದೇ ಹೋಗಿದ್ದರೆ ರೇಡಿಯೊ 5,200ಕ್ಕೆ ಅವರದಾಗುತ್ತಿತ್ತು. ಉಳಿದ 4,000 ರೂಪಾಯಿ ಒಂದು ಸುಳ್ಳಿನ ಎದುರು ಅವರು ಏರಿಸಿದ ಬೆಲೆ. ಅದನ್ನು ಪೂರ್ತಿ ಕೇಳಿದರೆ, ಓಡಿಹೋದವನು ನನ್ನ ಕಡೆಯವನೇ ಇರಬೇಕು ಎಂದು ಅವರು ಅನುಮಾನಿಸುತ್ತಾರೆ. ಅನುಮಾನಿಸುವುದು ತಪ್ಪೂ ಅಲ್ಲ. ಸುಳ್ಳು ಸವಾಲಿನವರು ಮಾಡುವುದೂ ಇದನ್ನೇ.

ಹಾಗೆಂದು 5,200ಕ್ಕೇ ಕೊಡಬೇಕು ಎಂದೂ ನಾನು ಹೇಳುವುದಿಲ್ಲ. ದುರಸ್ತಿಗೆ ಹಾಕಿದ ದುಡ್ಡು ಹೊರಡದಿದ್ದರೆ ನಾವು ಬದುಕುವುದು ಹೇಗೆ? ನಾನು ಮಾಡಿದ್ದು ಇಷ್ಟು. ಮರುದಿನ ಬೆಳಿಗ್ಗೆ ಅವರಿಗೆ ಬರೆದೆ: "ಗೆದ್ದವರು ವ್ಯವಹಾರ ಪೂರ್ಣಗೊಳಿಸಲಿಲ್ಲ. ನಿಮ್ಮ ಸವಾಲು 9,200 ಇತ್ತು. ಆದರೆ ಅವರಿಂದಾಗಿ ಬೆಲೆ ಏರಿದ್ದು ನನಗೂ ಗೊತ್ತು. ಸಾಗಣೆ ಬೇರೆ, 7,500ಕ್ಕೆ ಕೊಡುತ್ತೇನೆ. ನಾಳೆ ಸಂಜೆ 6ರವರೆಗೆ ನಿಮಗಾಗಿ ಇಟ್ಟಿರುತ್ತೇನೆ." ಒಂದು ಗಂಟೆಯಲ್ಲಿ ಹಣ ಬಂತು. ಆ ಗದಗಿನ ಗಿರಾಕಿ ಆಮೇಲೆ ನನ್ನಲ್ಲಿ ಇನ್ನೂ ಮೂರು ಸಲ ಕೊಂಡಿದ್ದಾರೆ. ಬಿಟ್ಟುಕೊಟ್ಟ 1,700 ರೂಪಾಯಿ ನನಗೆ ಎಂದೂ ನೋಯಿಸಿಲ್ಲ.

ಈ ಸಂದೇಶದಲ್ಲಿ ಮೊದಲನೆಯವನ ಮೇಲೆ ದೂರು ಹೇಳಿಲ್ಲ, ಗಮನಿಸಿ. ದೂರು ಹೇಳಿದಷ್ಟೂ ಕೇಳುವವರಿಗೆ ವಸ್ತುವಿನ ಮೇಲೆಯೇ ಸಂಶಯ ಹುಟ್ಟುತ್ತದೆ.

ಇಬೇಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಭಾರತಕ್ಕೆಂದೇ ಇದ್ದ ಇಬೇ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಈಗ ಇಲ್ಲಿಂದ ಮಾರುವವರು ಹೊರದೇಶದ ಗಿರಾಕಿಗಳನ್ನು ನೆಚ್ಚಿದ್ದಾರೆ. ಗೆದ್ದವರು ನಾಲ್ಕು ದಿನದಲ್ಲಿ ಹಣ ಕಟ್ಟದಿದ್ದರೆ ಮಾರಾಟಗಾರರು ವ್ಯವಹಾರವನ್ನು ರದ್ದು ಮಾಡಬಹುದು. ಆಗ "ಖರೀದಿದಾರರು ಹಣ ಕಟ್ಟಿಲ್ಲ" ಎಂಬ ಕಾರಣವನ್ನೇ ಆರಿಸಿ. ಕರುಣೆಯಿಂದ "ಖರೀದಿದಾರರೇ ರದ್ದು ಕೇಳಿದರು" ಎಂದು ಹಾಕಿದರೆ ಅವರ ಖಾತೆಯ ಮೇಲೆ ಗುರುತು ಬೀಳುವುದಿಲ್ಲ, ಮುಂದಿನ ಮಾರಾಟಗಾರನಿಗೆ ಎಚ್ಚರಿಕೆ ಸಿಗುವುದಿಲ್ಲ. ಖರೀದಿದಾರರ ಬಗ್ಗೆ ಮಾರಾಟಗಾರರು ಕೆಟ್ಟ ಅಭಿಪ್ರಾಯ ಬರೆಯುವ ಅವಕಾಶವನ್ನು 2008ರಲ್ಲೇ ತೆಗೆದುಹಾಕಿದ್ದರಿಂದ ನಮ್ಮ ಕೈಯಲ್ಲಿ ಉಳಿದಿರುವುದು ಈ ಗುರುತು ಮತ್ತು ಅಂಥ ಖಾತೆಯನ್ನು ತಡೆಹಿಡಿಯುವ ಸೌಲಭ್ಯ ಮಾತ್ರ. ಸೋತವರಿಗೆ "ಎರಡನೇ ಅವಕಾಶ" ಕಳಿಸುವ ಏರ್ಪಾಡು ಅಲ್ಲಿ ಇದೆ. ಆದರೆ ಅದರ ಬೆಲೆ ಅವರು ಹಾಕಿದ್ದ ಗರಿಷ್ಠ ಸವಾಲೇ ಆಗಿರುತ್ತದೆ. ಅದು ನ್ಯಾಯ ಅನಿಸದಿದ್ದರೆ ಕಡಿಮೆ ಬೆಲೆ ನಮೂದಿಸಿ ಹೊಸದಾಗಿ ಮಾರಾಟಕ್ಕೆ ಹಾಕಬೇಕು. ಹಾವೇರಿಯ ಸಂಗ್ರಾಹಕರಿಗೆ ಆರು ದಿನ ಆಗಿಹೋಗಿದೆ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಇವತ್ತೇ ರದ್ದು ಮಾಡಿ, ಎರಡನೆಯವರಿಗೆ ಅವಕಾಶ ಕಳಿಸಲಿ.

ಹೊರದೇಶಕ್ಕೆ ಮಾರುವವರಿಗೆ ಇನ್ನೊಂದು ಮಾತು: 100 ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ಭಾರತದಿಂದ ಹೊರಗೆ ಕಳಿಸುವಂತಿಲ್ಲ. ಮಹತ್ವದ ಹಸ್ತಪ್ರತಿಗಳಿಗೆ ಈ ಮಿತಿ 75 ವರ್ಷ. ಅಂಥದ್ದನ್ನು ಹರಾಜಿಗೆ ಹಾಕಿದ್ದರೆ ಖರೀದಿದಾರ ಸರಿದದ್ದೇ ಒಳ್ಳೆಯದಾಯಿತು.

ಮತ್ತೆ ಹರಾಜು, ಅಥವಾ ನಿಗದಿತ ಬೆಲೆ

ಎರಡನೆಯವರು ಒಲ್ಲೆ ಅಂದಾಗ, ಅಥವಾ ಎರಡನೆಯ ಸವಾಲು ತೀರಾ ಕೆಳಗಿದ್ದಾಗ ಮತ್ತೆ ಹರಾಜು ಹಾಕುವುದು ಸರಿ. ಆದರೆ ಅದೇ ಗುಂಪಿನಲ್ಲಿ ಅದೇ ವಾರ ಅದೇ ಫೋಟೊ ಹಾಕಿದರೆ "ಇದರಲ್ಲಿ ಏನೋ ಐಬು ಇರಬೇಕು" ಎಂದು ಜನ ದೂರ ನಿಲ್ಲುತ್ತಾರೆ. ನಾನು ಎರಡು ಮೂರು ವಾರ ಬಿಡುತ್ತೇನೆ, ಹಗಲು ಬೆಳಕಿನಲ್ಲಿ ಹೊಸ ಫೋಟೊ ತೆಗೆಯುತ್ತೇನೆ, ಮತ್ತು ಮೊದಲ ಸಾಲಿನಲ್ಲೇ "ಹಿಂದಿನ ಹರಾಜಿನಲ್ಲಿ ಗೆದ್ದವರು ಹಣ ಕಟ್ಟಲಿಲ್ಲ, ವಸ್ತು ನನ್ನ ಬಳಿಯೇ ಇದೆ" ಎಂದು ಬರೆಯುತ್ತೇನೆ. ಮುಚ್ಚಿಟ್ಟರೆ ಯಾರಾದರೊಬ್ಬರು ಹಳೆಯ ಫೋಟೊ ತೆಗೆದು ತೋರಿಸುತ್ತಾರೆ.

ಹಂಗಾಮಿನ ವಸ್ತುವಿಗೆ ಇಷ್ಟು ಪುರುಸೊತ್ತು ಇಲ್ಲ. ಆಗ ಹರಾಜನ್ನೇ ಬಿಟ್ಟು ನಿಗದಿತ ಬೆಲೆಗೆ ಹಾಕಿ; ಮೊದಲು ಹಣ ಕಳಿಸಿದವರಿಗೆ ಮಾಲು. ಹರಾಜಿನಲ್ಲಿ ಸಿಗಬಹುದಾಗಿದ್ದ ಹೆಚ್ಚಿನ ಬೆಲೆ ಕೈತಪ್ಪುತ್ತದೆ, ಆದರೆ ಹಿಂದೆ ಸರಿಯುವ ಮಾತೇ ಇರುವುದಿಲ್ಲ. ಬೆಟಗೇರಿಯ ಅಕ್ಕನಿಗೆ ನಾನು ಸೂಚಿಸಿದ್ದು ಇದೇ. ಕುಚ್ಚು ಕಟ್ಟಿದ ಸೀರೆ ಎಂದೇ ಫೋಟೊ ಹಾಕಿ, ಉಡಲು ಸಿದ್ಧ ಎಂದು ಬರೆದು, ಕೂಲಿಯನ್ನೂ ಸೇರಿಸಿ ಬೆಲೆ ಹೇಳಿ. ಬದಲಾದ ಸೀರೆ ಒಬ್ಬರಿಗೆ ಬೇಡವಾದರೂ, ನಾಳೆಯೇ ಉಡಬೇಕಾದವರಿಗೆ ಅದು ಅನುಕೂಲವೇ.

ನೋಟಿಸು, ನ್ಯಾಯಾಲಯ

ಕಾನೂನು ನಮ್ಮ ಪರವಾಗಿಯೇ ಇದೆ, ಅದನ್ನು ತಿಳಿದಿರಬೇಕು. ಹರಾಜು ಮುಗಿಯಿತು ಎಂದು ಘೋಷಿಸುವವರೆಗೆ ಯಾರು ಬೇಕಾದರೂ ತಮ್ಮ ಸವಾಲನ್ನು ಹಿಂದೆಗೆದುಕೊಳ್ಳಬಹುದು. ಘೋಷಿಸಿದ ಮೇಲೆ ಮಾರಾಟ ಪೂರ್ಣವಾದಂತೆ. ಮೊಬೈಲಿನಲ್ಲಿ ಆಯಿತು ಎಂಬ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅದನ್ನು ಸ್ಪಷ್ಟಪಡಿಸಿದೆ. ಖರೀದಿದಾರ ತೆಗೆದುಕೊಳ್ಳಲು ಒಪ್ಪದಿದ್ದರೆ ನಷ್ಟಕ್ಕೆ ದಾವೆ ಹೂಡಬಹುದು, ಅದಕ್ಕೆ ಮೂರು ವರ್ಷದ ಅವಧಿ ಇದೆ. ಗ್ರಾಹಕರ ಆಯೋಗಕ್ಕೆ ಮಾತ್ರ ಹೋಗುವಂತಿಲ್ಲ. ಅದು ಕೊಳ್ಳುವವರ ರಕ್ಷಣೆಗೆ ಇರುವುದು, ಮಾರುವವರಿಗಲ್ಲ.

ಒಂದು ಅಂಶ ಬಹಳ ಜನರಿಗೆ ಗೊತ್ತಿಲ್ಲ. ವಸ್ತುವನ್ನು ಬೇರೆಯವರಿಗೆ ಕಡಿಮೆ ಬೆಲೆಗೆ ಮಾರಿ, ಕೊರತೆಯನ್ನು ಮೊದಲನೆಯವನಿಂದ ಕೇಳಬೇಕೆಂದರೆ, ಮರುಮಾರಾಟ ಮಾಡುತ್ತೇನೆ ಎಂದು ಅವನಿಗೆ ಮೊದಲೇ ತಿಳಿಸಿರಬೇಕು. ಕೆಟ್ಟುಹೋಗುವ ಸರಕಿಗೆ ಮಾತ್ರ ಇದರಿಂದ ವಿನಾಯಿತಿ. ತಿಳಿಸದೆ ಮಾರಿದರೆ ಕೊರತೆ ಕೇಳುವ ಹಕ್ಕು ಹೋಗುತ್ತದೆ. ಆದ್ದರಿಂದ ದಾವೆ ಹೂಡುವ ಯೋಚನೆ ಇರಲಿ ಬಿಡಲಿ, ಈ ಮೂರು ಸಾಲನ್ನು ಕಳಿಸಿಬಿಡಿ: "ಇಂಥ ದಿನ ಇಷ್ಟು ಗಂಟೆಗೆ ಮುಗಿದ ಹರಾಜಿನಲ್ಲಿ ಈ ವಸ್ತುವನ್ನು 9,400 ರೂಪಾಯಿಗೆ ನೀವು ಗೆದ್ದಿದ್ದೀರಿ. ಇಂಥ ದಿನ ಸಂಜೆ 6ರೊಳಗೆ ಹಣ ಬಾರದಿದ್ದರೆ ಇದನ್ನು ಬೇರೆಯವರಿಗೆ ಮಾರುತ್ತೇನೆ. ಕಡಿಮೆ ಬೆಲೆಗೆ ಹೋದರೆ ಆ ಕೊರತೆಗೆ ನೀವು ಹೊಣೆ." ನನ್ನ ಗಿರಾಕಿಗಳಲ್ಲಿ ಕೆಲವರು ಇದನ್ನು ಓದಿದ ಸಂಜೆಯೇ ಹಣ ಕಳಿಸಿದ್ದಾರೆ.

ದಾವೆಯ ಮಾತು ಬೇರೆ. ನಷ್ಟ ಐದಾರು ಸಾವಿರವಾಗಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಡಿ ಎಂದೇ ನನ್ನ ಸಲಹೆ. ತಾರೀಖಿನ ಮೇಲೆ ತಾರೀಖು ಬೀಳುತ್ತದೆ, ಅಂಗಡಿ ಮುಚ್ಚಿ ಹೋಗಬೇಕಾಗುತ್ತದೆ. ಟ್ರ್ಯಾಕ್ಟರ್, ಯಂತ್ರ, ಚಿನ್ನದ ಒಡವೆಯಂಥ ಲಕ್ಷದ ಮಾತಾದರೆ ವಕೀಲರಿಂದ ನೋಟಿಸು ಕೊಡಿಸುವುದು ಸರಿ. ಎರಡರ ನಡುವೆ ಇರುವವರಿಗೆ ಲೋಕ ಅದಾಲತ್ ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ದಾವೆ ಹೂಡುವ ಮುನ್ನವೇ ರಾಜಿಗೆ ಅರ್ಜಿ ಕೊಡಬಹುದು, ನ್ಯಾಯಾಲಯದ ಶುಲ್ಕ ಇಲ್ಲ. ಎದುರಿನವರು ನಮ್ಮ ಜಿಲ್ಲೆಯವರೇ ಆಗಿದ್ದು ಮಾತಿಗೆ ಬರುವಂತಿದ್ದರೆ ಇದು ಒಳ್ಳೆಯ ದಾರಿ. ಹೊರದೇಶದ ಖರೀದಿದಾರನ ಮೇಲೆ ಇವುಗಳಲ್ಲಿ ಯಾವುದೂ ನಡೆಯದು.

ಹೆಸರು, ಫೋಟೊ, ಮೊಬೈಲ್ ಸಂಖ್ಯೆ ಹಾಕಿ ಗುಂಪಿನಲ್ಲಿ ಮಾನ ಕಳೆಯುವುದನ್ನು ಒಂದು ದಾರಿ ಎಂದು ನಾನು ಎಣಿಸುವುದಿಲ್ಲ. ಹಣ ಬರುವುದಿಲ್ಲ, ಮಾನನಷ್ಟದ ದೂರು ನಿಮ್ಮ ಮೇಲೆಯೇ ಬರಬಹುದು. ಗುಂಪು ನಡೆಸುವವರಿಗೆ ಖಾಸಗಿಯಾಗಿ ತಿಳಿಸಿ, ಹಿಂದೆ ಸರಿದವರನ್ನು ಸವಾಲಿನಿಂದ ಹೊರಗಿಡಿಸಿ. ಅಷ್ಟು ಸಾಕು.

ಹಿಂದೆ ಸರಿಯುವವರ ನಡುವೆ ನುಸುಳುವ ಮೋಸಗಾರರ ಬಗ್ಗೆಯೂ ಒಂದು ಮಾತು. "ತಪ್ಪಿ ಹೆಚ್ಚು ಹಣ ಹಾಕಿದ್ದೇನೆ, ವ್ಯವಹಾರ ಬೇಡ, ವಾಪಸು ಕಳಿಸಿ" ಎಂದು ಹಣ ಹಾಕಿದ ಚಿತ್ರವನ್ನು ತೋರಿಸುತ್ತಾರೆ. ಚಿತ್ರ ಸುಳ್ಳಾಗಿರುತ್ತದೆ. ಬ್ಯಾಂಕ್ ಖಾತೆಯನ್ನು ನೀವೇ ತೆರೆದು ನೋಡುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ. ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮುಂದಿನ ಹರಾಜಿಗೆ ಮೊದಲು

ನಮ್ಮ ಕಡೆ ಹೊಲ ಕೊಳ್ಳುವಾಗ, ಎತ್ತು ಕೊಳ್ಳುವಾಗ ಮಾತು ಕೂಡಿದ ಕೂಡಲೇ ಸಂಚಕಾರ, ಅಂದರೆ ಮುಂಗಡ ಹಣ, ಕೊಡುತ್ತಾರೆ. ಹಣ ಎಷ್ಟೇ ಸಣ್ಣದಿರಲಿ, ಅದು ಕೈ ಸೇರಿದ ಮೇಲೆ ಮಾತಿಗೆ ತೂಕ ಬರುತ್ತದೆ. ಬ್ಯಾಂಕುಗಳು ಸಾಲದ ಆಸ್ತಿಯನ್ನು ಆನ್‌ಲೈನ್ ಹರಾಜು ಹಾಕುವಾಗಲೂ ಗೆದ್ದವರು ಅಂದೇ ಅಥವಾ ಮರು ಕೆಲಸದ ದಿನದೊಳಗೆ ಬೆಲೆಯ ಶೇಕಡ 25 ಕಟ್ಟಬೇಕು. ಬಾಕಿ ಕಟ್ಟದಿದ್ದರೆ ಅದು ಮುಟ್ಟುಗೋಲಾಗುತ್ತದೆ. ಸೀರೆ, ರೇಡಿಯೊ ಮಾರುವ ನಾವು ಮಾತ್ರ ಬರಿ ಹೆಬ್ಬೆರಳಿನ ಚಿತ್ರವನ್ನು ನಂಬಿ ಪೆಟ್ಟಿಗೆ ಕಟ್ಟಲು ಕೂರುತ್ತೇವೆ.

ಈಗ ನಾನು ಗೆದ್ದವರಿಂದ ಎರಡು ಗಂಟೆಯೊಳಗೆ ಶೇಕಡ 10 ಸಂಚಕಾರ ಕೇಳುತ್ತೇನೆ. ಅದಕ್ಕಿಂತ ಹೆಚ್ಚು ಕೇಳಿದರೆ ಸವಾಲು ಕೂಗುವವರೇ ಕಡಿಮೆಯಾಗುತ್ತಾರೆ. ಅತಿಯಾದ ದಂಡವನ್ನು ಕಾನೂನೂ ಒಪ್ಪುವುದಿಲ್ಲ. 1872ರ ಒಪ್ಪಂದ ಕಾಯ್ದೆಯಲ್ಲಿ ಸಿಗುವುದು ಬರೆದ ಮೊತ್ತದ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ. ಸಂಚಕಾರ ಕೇಳಲು ಶುರು ಮಾಡಿದ ಮೇಲೆ ನನ್ನ ಹರಾಜಿಗೆ ಬರುವವರು ಸ್ವಲ್ಪ ಕಡಿಮೆಯಾದರು, ನಿಜ. ಬೆಲೆಯೂ ಮೊದಲಿನಷ್ಟು ಏರುವುದಿಲ್ಲ. ಆದರೆ ಏರಿದ ಬೆಲೆ ಕೈಗೆ ಬರುತ್ತದೆ. ಐನೂರು ರೂಪಾಯಿಯ ಒಳಗಿನ ಸಣ್ಣ ಸಾಮಾನು ಮಾರುವವರು ಇದರ ಗೋಜಿಗೆ ಹೋಗದಿರುವುದೇ ಲೇಸು. ಅಲ್ಲಿ ಮೊದಲು ಹಣ, ಆಮೇಲೆ ಮಾಲು ಎಂಬ ಒಂದೇ ನಿಯಮ ಸಾಕು.

ಹರಾಜು ಯಾವ ಕ್ಷಣ ಮುಗಿಯುತ್ತದೆ ಎಂಬುದನ್ನೂ ಬರೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದವರೆಗೆ ತಿದ್ದಬಹುದು, ಎರಡು ದಿನಕ್ಕೂ ಮೀರಿ ಅಳಿಸಬಹುದು. ಹಾಗಾಗಿ ಪ್ರತಿ ಸವಾಲಿನ ಮೊತ್ತವನ್ನು ನಾನೇ ಮತ್ತೆ ಬರೆಯುತ್ತೇನೆ, ಕೊನೆಯಲ್ಲಿ ಗೆದ್ದವರ ಹೆಸರು, ಮೊತ್ತ, ಗಂಟೆ ಘೋಷಿಸಿ, ಪರದೆಯ ಚಿತ್ರ ತೆಗೆದಿಡುತ್ತೇನೆ. ನನ್ನ ಹರಾಜಿನ ಮೇಲ್ಭಾಗದಲ್ಲಿ ಇರುವ ಸಾಲುಗಳು ಇವು, ಬೇಕಾದವರು ಬಳಸಿಕೊಳ್ಳಬಹುದು:

"ಹರಾಜು ರಾತ್ರಿ 9ಕ್ಕೆ ಮುಗಿಯುತ್ತದೆ. ನಾನು ಹೆಸರು ಘೋಷಿಸುವವರೆಗೆ ಸವಾಲು ಹಿಂದೆಗೆದುಕೊಳ್ಳಬಹುದು, ಆಮೇಲೆ ಇಲ್ಲ. ಗೆದ್ದವರು 11ರೊಳಗೆ ಶೇಕಡ 10 ಸಂಚಕಾರ, ಮೂರು ದಿನದೊಳಗೆ ಬಾಕಿ ಹಣ ಕೊಡಬೇಕು. ಕೊಡದಿದ್ದರೆ ಸಂಚಕಾರ ನನ್ನಲ್ಲೇ ಉಳಿಯುತ್ತದೆ, ವಸ್ತು ಮುಂದಿನವರಿಗೆ ಹೋಗುತ್ತದೆ. ನಾನು ಮಾತು ತಪ್ಪಿದರೆ ಸಂಚಕಾರದ ಜೊತೆ ಅಷ್ಟೇ ಹಣ ಸೇರಿಸಿ ಕೊಡುತ್ತೇನೆ. ನನ್ನ ಮನೆಯವರು, ಗೆಳೆಯರು ಯಾರೂ ಸವಾಲು ಕೂಗುವುದಿಲ್ಲ."

ಬೆಟಗೇರಿಯ ಅಕ್ಕ ಇದಕ್ಕೆ ಒಂದು ಸಾಲು ಸೇರಿಸಿಕೊಂಡಿದ್ದಾರೆ: "ಪೂರ್ತಿ ಹಣ ಬಂದ ಮೇಲೆಯೇ ಫಾಲ್, ಕುಚ್ಚಿನ ಕೆಲಸ ಶುರು." ಕುಚ್ಚಿನ ಸೀರೆಯನ್ನು ನಿಗದಿತ ಬೆಲೆಗೆ ಹಾಕಿದ ಮೂರನೆಯ ದಿನ ಲಕ್ಷ್ಮೇಶ್ವರದವರೊಬ್ಬರು ಕೊಂಡರು. ಸವಾಲಿನ ಬೆಲೆಗಿಂತ 350 ಕಡಿಮೆ ಬಂತು, ಕುಚ್ಚಿನ ಕೂಲಿ ಹೊರಟಿತು.